ಗಾಡಿ ಸರಿಯಾಗಿಯೇ ಓಡುತ್ತಿದೆ, ದೀಪವೇಕೆ ಹತ್ತಿತು?

ಹೊರಾಂಗಣ ಚಿತ್ರೀಕರಣ ಮುಗಿಸಿಕೊಂಡು ಒಂದು ಸಂಜೆ ಶಿರಾದಿಂದ ಬೆಂಗಳೂರಿಗೆ ನನ್ನ ಕಾರಿನಲ್ಲಿ ಮರಳುತ್ತಿದ್ದೆ. ತುಮಕೂರು ದಾಟುವ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದ ಪುಟ್ಟ ಹಳದಿ ದೀಪವೊಂದು ಹತ್ತಿಕೊಂಡಿತು. ವೇಗ ತಗ್ಗಿಸಿ ಕಿವಿಗೊಟ್ಟು ಕೇಳಿದೆ. ಸದ್ದಿನಲ್ಲಿ ಬದಲಾವಣೆಯಿಲ್ಲ, ಎಳೆತದಲ್ಲಿ ಕೊರತೆಯಿಲ್ಲ, ಬಿಸಿಯೂ ಏರಿಲ್ಲ. ಪಕ್ಕದಲ್ಲಿದ್ದ ಕ್ಯಾಮರಾಮನ್, “ಗಾಡಿ ಚೆನ್ನಾಗೇ ಓಡ್ತಾ ಇದೆ ಸಾರ್, ದೀಪಕ್ಕೇ ಏನೋ ಆಗಿರ್ಬೇಕು” ಎಂದರು. ಮರುದಿನ ಗ್ಯಾರೇಜಿನವರು ಬ್ಯಾಟರಿಯ ತಂತಿ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೆ ಸೇರಿಸಿದರು. ದೀಪ ಆರಿತು. ಕೇಳಿದಷ್ಟು ಹಣ ಕೊಟ್ಟು ಬಂದೆ. ವಾರದೊಳಗೆ ದೀಪ ಮತ್ತೆ ಹತ್ತಿತು.

ನಿಮ್ಮಲ್ಲಿ ಕಾರು ಇಟ್ಟುಕೊಂಡಿರುವ ಅನೇಕರಿಗೆ ಇದು ಪರಿಚಿತ ಅನುಭವವೇ ಇರಬೇಕು. ಎಣ್ಣೆಯ ಒತ್ತಡ ಕುಸಿದಾಗ ಹತ್ತುವ ಕೆಂಪು ದೀಪದ ಭಾಷೆ ನಮಗೆ ಅರ್ಥವಾಗುತ್ತದೆ: ನಿಲ್ಲಿಸು, ಇಲ್ಲದಿದ್ದರೆ ಎಂಜಿನ್ ಸುಟ್ಟೀತು. ಈ ಹಳದಿ ದೀಪ ಹಾಗಲ್ಲ. ಅದು ನಿಲ್ಲಿಸೆನ್ನುವುದಿಲ್ಲ, ಏನಾಗಿದೆಯೆಂದೂ ಹೇಳುವುದಿಲ್ಲ, ಸುಮ್ಮನೆ ಹತ್ತಿಕೊಂಡಿರುತ್ತದೆ. ನಾನು ವಿಜ್ಞಾನದ ಪದವಿ ಪಡೆದವನು, ಆದರೂ ಬಹಳ ಕಾಲ ಇದನ್ನು ಎಂಜಿನ್ನಿನ ಆರೋಗ್ಯ ತೋರಿಸುವ ದೀಪವೆಂದೇ ತಿಳಿದಿದ್ದೆ. ಅದು ಯಾರಿಗಾಗಿ ಹುಟ್ಟಿತೆಂದು ಹುಡುಕುತ್ತ ಹೋದಾಗ ಕಥೆ ಬೇರೆಯೇ ಆಯಿತು. ಆ ಕಥೆ ತೊಡಗುವುದು 1943ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ.

ಎರಡನೆಯ ಮಹಾಯುದ್ಧದ ನಡುವಿನ ದಿನಗಳು. ಆ ವರ್ಷದ ಜುಲೈ 26ರಂದು ನಗರದ ಮೇಲೆ ಕಂದು ಮುಸುಕೊಂದು ಇಳಿಯಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು, ಬೀದಿಯ ಆ ತುದಿ ಕಾಣದಾಯಿತು. ಶತ್ರುಗಳು ವಿಷಾನಿಲ ಬಿಟ್ಟರೇ ಎಂದು ಹೆದರಿದವರೂ ಉಂಟು. ಅನುಮಾನ ಮೊದಲು ಹೋದದ್ದು ಅಲಿಸೊ ಬೀದಿಯ ಕಾರ್ಖಾನೆಯ ಮೇಲೆ. ಯುದ್ಧಕ್ಕೆ ಬೇಕಾದ ಕೃತಕ ರಬ್ಬರಿಗಾಗಿ ಅಲ್ಲಿ ಬ್ಯುಟಡೈಯೀನ್ ತಯಾರಾಗುತ್ತಿತ್ತು. ಅದನ್ನು ಕೆಲಕಾಲ ಮುಚ್ಚಿಸಿದರು. ಮುಸುಕು ಮಾತ್ರ ಹೋಗಲಿಲ್ಲ. 1947ರಲ್ಲಿ ವಾಯುಮಾಲಿನ್ಯ ನಿಯಂತ್ರಣಕ್ಕೆಂದೇ ಜಿಲ್ಲಾ ಮಟ್ಟದ ಒಂದು ಕಚೇರಿ ಸ್ಥಾಪನೆಯಾಯಿತು. ಎಣ್ಣೆ ಶುದ್ಧೀಕರಣ ಘಟಕಗಳ ಗಂಧಕದ ಹೊಗೆಯನ್ನು ಹತೋಟಿಗೆ ತಂದರು. ಆಗಲೂ ಕಣ್ಣುರಿ ನಿಲ್ಲಲಿಲ್ಲ. ಲಂಡನ್ನಿನ ಮುಸುಕಿಗೆ ಕಲ್ಲಿದ್ದಲಿನ ಹೊಗೆ ಕಾರಣವೆಂಬುದು ಎಲ್ಲರಿಗೂ ಗೊತ್ತಿತ್ತು. ಲಾಸ್ ಏಂಜಲೀಸಿನಲ್ಲಿ ಕಲ್ಲಿದ್ದಲನ್ನು ಆ ಪ್ರಮಾಣದಲ್ಲಿ ಯಾರೂ ಉರಿಸುತ್ತಿರಲಿಲ್ಲ. ಅಲ್ಲಿ ಇದ್ದದ್ದು ಬಿಸಿಲು, ಸುತ್ತಲೂ ಗುಡ್ಡ, ಮತ್ತು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದ ಮೋಟಾರು ಗಾಡಿಗಳು.

ಒಗಟನ್ನು ಬಿಡಿಸಿದವರು ಆರಿ ಹಾಗನ್ ಸ್ಮಿಟ್ ಎಂಬ ಜೀವರಸಾಯನ ವಿಜ್ಞಾನಿ. ಹಾಲೆಂಡಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ಕೆಲಸವೇನು ಗೊತ್ತೇ? ಅನಾನಸ್ ಹಣ್ಣಿನ ಪರಿಮಳ ಯಾವ ರಾಸಾಯನಿಕಗಳಿಂದ ಬರುತ್ತದೆಂದು ಪತ್ತೆಹಚ್ಚುವುದು. ಹಣ್ಣಿನ ಆವಿಯನ್ನು ಅತಿ ತಂಪಿನ ಗಾಜಿನ ಕೊಳವೆಗಳಲ್ಲಿ ಹಾಯಿಸಿ, ಘನೀಭವಿಸಿದ ಹನಿಗಳನ್ನು ಅವರು ಪರೀಕ್ಷಿಸುತ್ತಿದ್ದರು. ಅದೇ ಉಪಕರಣದಲ್ಲಿ ಒಮ್ಮೆ ನಗರದ ಗಾಳಿಯನ್ನು ಹಾಯಿಸಿದರು. ದೊರೆತದ್ದು ದುರ್ನಾತದ ಕೆಲವು ಕಂದು ಹನಿಗಳು. ಅವುಗಳ ಜಾಡು ಹಿಡಿದು ಹೋದಾಗ ತಿಳಿದದ್ದು ಇದು: ಪೂರ್ತಿ ಉರಿಯದೆ ಉಳಿದ ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳು, ಎಂಜಿನ್ನಿನ ಕಾವಿನಲ್ಲಿ ಹುಟ್ಟಿದ ಸಾರಜನಕದ ಆಕ್ಸೈಡುಗಳು, ಇವೆರಡೂ ಬಿಸಿಲಿನಲ್ಲಿ ಬೆರೆತರೆ ಓಝೋನ್ ಉಂಟಾಗುತ್ತದೆ. ನಳಿಗೆಯಿಂದ ಹೊರಬರುವಾಗ ಕಣ್ಣಿಗೆ ಕಾಣದಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಕಂದು ಮುಸುಕಾಗುತ್ತದೆ. ಓಝೋನ್ ಅಳೆಯಲು ಅವರು ಬಳಸಿದ ಸಾಧನ ಬಾಗಿಸಿ ಕಟ್ಟಿದ ರಬ್ಬರಿನ ಪಟ್ಟಿ. ಓಝೋನ್ ತಾಗಿದರೆ ರಬ್ಬರು ಬಿರುಕು ಬಿಡುತ್ತದೆ. ಈ ವಿವರಣೆ 1952ರ ಹೊತ್ತಿಗೆ ಮುದ್ರಣದಲ್ಲಿ ಬಂದಿತ್ತು.

ತೈಲೋದ್ಯಮದ ಹಣದಿಂದ ಸಂಶೋಧನೆ ನಡೆಸುತ್ತಿದ್ದವರು ಇದನ್ನು ಒಪ್ಪಲಿಲ್ಲ. ಮೋಟಾರು ಕಂಪನಿಗಳಿಗೂ ಇದು ರುಚಿಸಲಿಲ್ಲ. ಲಾಸ್ ಏಂಜಲೀಸಿನ ಜನಪ್ರತಿನಿಧಿ ಕೆನೆತ್ ಹಾನ್ 1953ರಿಂದ ಆ ಕಂಪನಿಗಳಿಗೆ ಪತ್ರದ ಮೇಲೆ ಪತ್ರ ಬರೆದರು; ಉಪಯೋಗವಾಗಲಿಲ್ಲ. ಈ ನಡುವೆ, ಮನೆಯ ಹಿತ್ತಲಲ್ಲಿ ಕಸ ಸುಡುವ ಒಲೆಗಳನ್ನು 1957ರಲ್ಲಿ ನಿಷೇಧಿಸಿದರು. ಗೃಹಸ್ಥನ ಕಸದ ಬೆಂಕಿ ಆರಿಸುವುದು ಸುಲಭ, ಕಾರಿನ ಕಾರ್ಖಾನೆಯನ್ನು ಬಗ್ಗಿಸುವುದು ಕಷ್ಟ. ಮಾಲಿನ್ಯ ತಡೆಯುವ ಸಾಧನಗಳು ಬೇಗ ಬಾರದಂತೆ ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದವೆಂದು 1969ರಲ್ಲಿ ಅಮೆರಿಕದ ಸರ್ಕಾರವೇ ಮೊಕದ್ದಮೆ ಹೂಡಿತು. ಅದು ತೀರ್ಪಿನವರೆಗೆ ಹೋಗದೆ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ತನ್ನದೇ ವಾಯು ಸಂಪನ್ಮೂಲ ಮಂಡಳಿಯನ್ನು ಸ್ಥಾಪಿಸಿತ್ತು. ಅದರ ಮೊದಲ ಅಧ್ಯಕ್ಷರು ಅನಾನಸ್ಸಿನ ಅದೇ ಹಾಗನ್ ಸ್ಮಿಟ್.

1970ರಲ್ಲಿ ಅಮೆರಿಕದ ಸಂಸತ್ತು ಶುದ್ಧ ಗಾಳಿಯ ಕಾನೂನನ್ನು ಬಿಗಿಗೊಳಿಸಿತು. ಕೆಲವೇ ವರ್ಷಗಳಲ್ಲಿ ಕಾರುಗಳ ವಿಷಾನಿಲವನ್ನು ನೂರಕ್ಕೆ 90ರಷ್ಟು ಇಳಿಸಬೇಕೆಂದು ಅದು ಹೇಳಿತು. ಆಗದ ಮಾತು ಎಂದು ಕಂಪನಿಗಳು ಕೂಗೆಬ್ಬಿಸಿದವು. ಗಡುವು ಕೊಂಚ ಮುಂದೆ ಹೋಯಿತಾದರೂ 1975ರ ಮಾದರಿಯ ಕಾರುಗಳ ಹೊಟ್ಟೆಯ ಕೆಳಗೆ ಹೊಸ ಡಬ್ಬಿಯೊಂದು ಬಂದು ಕುಳಿತಿತು. ಇದೇ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ವೇಗವರ್ಧಕ ಪರಿವರ್ತಕ. ಜೇನುಗೂಡಿನಂಥ ಪಿಂಗಾಣಿಯ ಸಂದುಗಳಿಗೆ ಪ್ಲಾಟಿನಂ ಗುಂಪಿನ ಲೋಹಗಳ ತೆಳು ಲೇಪ. ಅದನ್ನು ಹಾದುಹೋಗುವಾಗ ವಿಷಾನಿಲಗಳು ಬಹುಪಾಲು ನಿರುಪದ್ರವಿ ಅನಿಲಗಳಾಗುತ್ತವೆ. ಪೆಟ್ರೋಲಿನ ಸೀಸ ಈ ಲೇಪಕ್ಕೆ ವಿಷವಾದ್ದರಿಂದ ಸೀಸರಹಿತ ಪೆಟ್ರೋಲನ್ನೂ ಜೊತೆಗೇ ತರಬೇಕಾಯಿತು. ಸೀಸದಿಂದ ಮಕ್ಕಳ ಮೆದುಳಿಗೆ ಆಗುತ್ತಿದ್ದ ಹಾನಿಯೂ ಇದರಿಂದ ತಗ್ಗಿದ್ದು ಬೇರೆಯೇ ಒಂದು ಲೇಖನದ ವಿಷಯ.

ಮೊದಲ ಡಬ್ಬಿಗಳು ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನಷ್ಟೇ ಸುಡುತ್ತಿದ್ದವು. ಸಾರಜನಕದ ಆಕ್ಸೈಡುಗಳನ್ನೂ ಒಡೆಯಬೇಕಾದರೆ ಒಂದು ಕಟ್ಟುನಿಟ್ಟಿನ ಷರತ್ತು ಇತ್ತು. 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ. ಪ್ರಮಾಣ ಇದರ ಆಸುಪಾಸಿನಲ್ಲೇ ಇರಬೇಕು. ಅಡುಗೆಯಲ್ಲಿ ಉಪ್ಪು ಹಾಕಿದಂತೆ ಕಣ್ಣಂದಾಜಿನಲ್ಲಿ ಇದು ಆಗದು, ಹಳೆಯ ಕಾರ್ಬುರೇಟರಿನಿಂದಲೂ ಆಗದು. ಉರಿದು ಬಂದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಕ್ಷಣಕ್ಷಣವೂ ಮೂಸಿ ನೋಡುವ ಒಂದು ಮೂಗು ಬೇಕು. ಜರ್ಮನಿಯ ಬಾಷ್ ಕಂಪನಿ ಅಂಥ ಆಮ್ಲಜನಕ ಸಂವೇದಕವನ್ನು ತಯಾರಿಸಿತು. 1976ರಲ್ಲಿ ವೋಲ್ವೊ ಕಂಪನಿ ಕ್ಯಾಲಿಫೋರ್ನಿಯಾಕ್ಕೆ ಕಳುಹಿಸಿದ ಕಾರುಗಳಲ್ಲಿ ಅದನ್ನು ಅಳವಡಿಸಿತು. ಮೂಗಿನ ಮಾತು ಕೇಳಿ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಲು ಒಂದು ವಿದ್ಯುನ್ಮಾನ ಮಿದುಳೂ ಬೇಕಾಯಿತು. ಸಾಮಾನ್ಯ ಕಾರಿನೊಳಗೆ ಕಂಪ್ಯೂಟರ್ ಬಂದದ್ದಕ್ಕೆ ದೊಡ್ಡ ಕಾರಣ ಈ ಗಾಳಿಯ ಕಾನೂನೇ.

ಆ ವರ್ಷಗಳ ಕೆಲವು ಕಾರುಗಳಲ್ಲಿ ನಿಗದಿತ ಮೈಲಿ ಓಡಿದ ಮೇಲೆ ತಾನಾಗಿ ಹತ್ತುವ ದೀಪವಿತ್ತು. ಸಂವೇದಕ ಬದಲಿಸುವ ಕಾಲ ಬಂತೆಂದು ಅದರ ಅರ್ಥ. ಸಂವೇದಕ ಕೆಟ್ಟಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಪಂಚಾಂಗ ನೋಡಿ ಹತ್ತುವ ದೀಪ ಎನ್ನಬಹುದು. ನಿಜವಾದ ತಪಾಸಣೆ ಮಾಡಿ ಹತ್ತುವ ದೀಪ ವ್ಯಾಪಕವಾದದ್ದು 1981ರಲ್ಲಿ, ಜನರಲ್ ಮೋಟಾರ್ಸ್ ಅಮೆರಿಕದ ತನ್ನ ಕಾರುಗಳಿಗೆಲ್ಲ ಕಂಪ್ಯೂಟರ್ ನಿಯಂತ್ರಣ ತಂದಾಗ. ಅದರ ಬಳಕೆ ಸ್ವಾರಸ್ಯಕರವಾಗಿತ್ತು. ಡ್ಯಾಶ್‌ಬೋರ್ಡಿನ ಕೆಳಗಿನ ಕೊಂಡಿಯಲ್ಲಿ ಎರಡು ತೂತುಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿದರೆ ದೀಪ ಮಿಣುಕತೊಡಗುತ್ತಿತ್ತು. ಒಮ್ಮೆ ಮಿನುಗಿ, ತಡೆದು, ಎರಡು ಸಲ ಮಿನುಗಿದರೆ ಅದು ಸಂಕೇತ 12: ವ್ಯವಸ್ಥೆ ಎಚ್ಚರವಾಗಿದೆ. ಆಮೇಲೆ ದೋಷಗಳ ಸಂಕೇತಗಳು. ಹಳೆಯ ತಂತಿ ಕಚೇರಿಯ ಕಟ್ಟು ಕಡ ಭಾಷೆಯಂತೆ ಮೆಕ್ಯಾನಿಕ್ ಎಣಿಸಿ ಬರೆದುಕೊಳ್ಳುತ್ತಿದ್ದ.

ಕಾನೂನು ದೀಪದ ಒಳಗೆ ಬಂದದ್ದು ಇದರ ನಂತರ. ಕಾರ್ಖಾನೆಯಿಂದ ಹೊಸದಾಗಿ ಬಂದಾಗ ಶುದ್ಧವಾಗಿರುವ ಕಾರು ಐದು ವರ್ಷದ ಮೇಲೂ ಹಾಗೆಯೇ ಇರುತ್ತದೆಯೇ? ಇಲ್ಲ. ಡಬ್ಬಿ ಸತ್ತರೂ ಕಾರು ಓಡುತ್ತದೆ, ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಹಾನಿ ಉಂಡವರು ಬೀದಿಯಲ್ಲಿರುವವರು. ಆದ್ದರಿಂದ ಕಾರೇ ತನ್ನ ಮೇಲೆ ಸಾಕ್ಷಿ ಹೇಳಬೇಕೆಂದು ಕ್ಯಾಲಿಫೋರ್ನಿಯಾ 1985ರಲ್ಲಿ ನಿಯಮ ಮಾಡಿತು, 1988ರ ಮಾದರಿಗಳಿಂದ ಅದು ಜಾರಿಗೆ ಬಂತು. ಆದರೆ ಆ ಮೊದಲ ಸಾಕ್ಷಿ ಬಹಳ ಮುಗ್ಧ. ತಂತಿ ತುಂಡಾದರೆ ಹೇಳುತ್ತಿತ್ತು, ಡಬ್ಬಿ ಸತ್ತರೆ ಹೇಳುತ್ತಿರಲಿಲ್ಲ. ಜೊತೆಗೆ ಒಂದೊಂದು ಕಂಪನಿಗೆ ಒಂದೊಂದು ಕೊಂಡಿ, ಒಂದೊಂದು ಭಾಷೆ. ಬೀದಿಬದಿಯ ಮೆಕ್ಯಾನಿಕ್ಕಿಗೆ ಅದನ್ನು ಓದುವ ದಾರಿಯಿರಲಿಲ್ಲ. ಅಮೆರಿಕದ 1990ರ ತಿದ್ದುಪಡಿ ಕಾನೂನು ಇದನ್ನೂ ಮುಟ್ಟಿತು: ಮಾಲಿನ್ಯಕ್ಕೆ ಸಂಬಂಧಪಟ್ಟ ಮಾಹಿತಿ ಎಲ್ಲ ದುರಸ್ತಿಗಾರರಿಗೂ ಸಿಗಬೇಕು. 1994ರಿಂದ ಹಂತಹಂತವಾಗಿ, 1996ರಲ್ಲಿ ಸಂಪೂರ್ಣವಾಗಿ, ಅಲ್ಲಿನ ಎಲ್ಲ ಕಾರುಗಳಿಗೂ ಎರಡನೆಯ ತಲೆಮಾರಿನ ವ್ಯವಸ್ಥೆ ಕಡ್ಡಾಯವಾಯಿತು. 16 ಸೂಜಿಗಳ ಒಂದೇ ಬಗೆಯ ಕೊಂಡಿ, ಒಂದೇ ಬಗೆಯ ಸಂಕೇತ. ನಿಮ್ಮ ಕಾರಿನಲ್ಲಿ ಸ್ಟಿಯರಿಂಗಿನ ಕೆಳಗೆ ಕೈಯಾಡಿಸಿದರೆ ಇಂದು ಸಿಗುವುದೂ ಅದೇ ಕೊಂಡಿ.

ಈ ವ್ಯವಸ್ಥೆ ಸತ್ತ ಡಬ್ಬಿಯನ್ನು ಹೇಗೆ ಕಂಡುಹಿಡಿಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಡಬ್ಬಿಯ ಮುಂದೆ ಒಂದು ಮೂಗು, ಹಿಂದೆ ಇನ್ನೊಂದು ಮೂಗು. ಕಂಪ್ಯೂಟರ್ ಪೆಟ್ರೋಲನ್ನು ಕೊಂಚ ಹೆಚ್ಚಿಸುತ್ತ ಕೊಂಚ ತಗ್ಗಿಸುತ್ತ ಇರುವುದರಿಂದ ಮುಂದಿನ ಮೂಗು ತೋರಿಸುವ ಆಮ್ಲಜನಕ ಸದಾ ಏರಿಳಿಯುತ್ತಿರುತ್ತದೆ. ಡಬ್ಬಿ ಆರೋಗ್ಯವಾಗಿದ್ದರೆ ಹೆಚ್ಚಿದ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಕೊರತೆಯಾದಾಗ ಬಿಡುತ್ತದೆ. ಹಿಂದಿನ ಮೂಗಿಗೆ ಏರಿಳಿತ ತಟ್ಟುವುದಿಲ್ಲ. ನಮ್ಮ ಊರ ಕೆರೆಯನ್ನು ನೆನೆಸಿಕೊಳ್ಳಿ. ಹಳ್ಳದ ನೀರು ಒಂದು ದಿನ ಹೆಚ್ಚು ಬರಲಿ, ಒಂದು ದಿನ ಕಡಿಮೆ ಬರಲಿ, ತೂಬಿನಲ್ಲಿ ಹರಿಯುವ ನೀರು ಒಂದೇ ಸಮ. ಕೆರೆಯಲ್ಲಿ ಹೂಳು ತುಂಬಿದರೆ? ಹಳ್ಳದಲ್ಲಿ ಬಂದಷ್ಟೇ ಆಚೆಗೆ ಹೋಗುತ್ತದೆ. ಹಿಂದಿನ ಮೂಗೂ ಮುಂದಿನದರಂತೆ ಏರಿಳಿಯತೊಡಗಿದರೆ ಡಬ್ಬಿಯಲ್ಲಿ ಹೂಳು ತುಂಬಿದೆಯೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಪಿ 0420 ಎಂಬ ಸಂಕೇತದ ಅರ್ಥ ಇಷ್ಟೇ.

ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ತಿರುಗು ದಂಡ ಒಂದು ಕ್ಷಣ ಮುಗ್ಗರಿಸುತ್ತದೆ. ಆ ಮುಗ್ಗರಿಕೆಯನ್ನೂ ಕಂಪ್ಯೂಟರ್ ಎಣಿಸುತ್ತದೆ. ಉರಿಯದ ಪೆಟ್ರೋಲು ಡಬ್ಬಿಯೊಳಗೆ ಹೋಗಿ ಅಲ್ಲಿ ಉರಿದರೆ ಡಬ್ಬಿಯೇ ಕರಗೀತು. ಇದೊಂದು ಸಂದರ್ಭದಲ್ಲಿ ಮಾತ್ರ ದೀಪ ಸುಮ್ಮನೆ ಹತ್ತದೆ ಮಿಣುಕುತ್ತದೆ. ಮಿಣುಕಿದರೆ ಕೂಡಲೇ ವೇಗ ತಗ್ಗಿಸಬೇಕು, ಆದಷ್ಟು ಬೇಗ ಗಾಡಿ ತೋರಿಸಬೇಕು. ಈ ವಾಕ್ಯವನ್ನು ದಯವಿಟ್ಟು ನೆನಪಿಡಿ. ನಾನೇಕೆ ಒತ್ತಿ ಹೇಳುತ್ತಿದ್ದೇನೆಂಬುದು ಮುಂದೆ ತಿಳಿಯುತ್ತದೆ.

ಉಳಿದಂತೆ ದೀಪ ಅವಸರದ್ದಲ್ಲ. ಅಮೆರಿಕದ ನಿಯಮದಲ್ಲಿ ಬಹುತೇಕ ಭಾಗಗಳಿಗೆ ಅಳತೆ ಏನೆಂದರೆ, ಆ ಭಾಗದ ದೋಷದಿಂದ ಹೊಗೆಯ ವಿಷ ಅನುಮತಿಸಿದ ಮಿತಿಯ ಒಂದೂವರೆ ಪಟ್ಟು ಮೀರುವ ಮುನ್ನ ಹೇಳಬೇಕು. ಒಂದು ಓಡಾಟದಲ್ಲಿ ದೋಷ ಕಂಡರೆ ಗುಟ್ಟಾಗಿ ಬರೆದಿಡುತ್ತದೆ. ಮುಂದಿನ ಓಡಾಟದಲ್ಲೂ ಕಂಡರೆ ದೀಪ ಹತ್ತಿಸುತ್ತದೆ. ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ತಾನೇ ಆರಿಸುತ್ತದೆ, ಆದರೆ ಬರೆದದ್ದನ್ನು ಎಂಜಿನ್ 40 ಸಲ ಬಿಸಿಯಾಗಿ ಆರುವವರೆಗೆ ಅಳಿಸುವುದಿಲ್ಲ. ಬ್ಯಾಟರಿ ತಂತಿ ಬಿಚ್ಚಿದರೆ? ಹಲವು ಕಾರುಗಳಲ್ಲಿ ಬರೆದದ್ದೆಲ್ಲ ಅಳಿಯುತ್ತದೆ. ಅದರ ಜೊತೆಗೆ, ಸ್ವಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂಬ ಗುರುತೂ ಉಳಿಯುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ತಪಾಸಣೆಯವರು ಕೊಂಡಿಗೆ ತಂತಿ ಸೇರಿಸಿ ಮೊದಲು ನೋಡುವುದು ಇದನ್ನೇ. ನಿನ್ನೆ ರಾತ್ರಿ ದೀಪ ಆರಿಸಿಕೊಂಡು ಬಂದವನನ್ನು ಅವರು ಹಿಂದಕ್ಕೆ ಕಳುಹಿಸುತ್ತಾರೆ. ಅಲ್ಲಿನ ನಿಯಮ ಪೆಟ್ರೋಲ್ ಟ್ಯಾಂಕಿನಿಂದ ಆವಿ ಸೋರುವುದನ್ನೂ ಹಿಡಿಯಬೇಕೆನ್ನುತ್ತದೆ. 1 ಮಿಲಿಮೀಟರ್ ತೂತಾದರೂ ಸಾಕು. ಮುಚ್ಚಳ ಸಡಿಲವಾಗಿದ್ದಕ್ಕೇ ದೀಪ ಹತ್ತಿತೆಂದು ಅಮೆರಿಕದಲ್ಲಿರುವ ನಿಮ್ಮ ಬಂಧುಗಳು ಹೇಳಿದರೆ ನಂಬಿ.

ನಮ್ಮ ದೇಶಕ್ಕೆ ಬರೋಣ. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ 1995ರ ಏಪ್ರಿಲ್‌ನಿಂದ ಪರಿವರ್ತಕ ಡಬ್ಬಿ ಕಡ್ಡಾಯವಾಯಿತು. ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರು ಇರಲಿಲ್ಲ. ಸೀಸದ ಪೆಟ್ರೋಲು ದೇಶದಿಂದ ಪೂರ್ತಿ ಮರೆಯಾದದ್ದು 2000ದಲ್ಲಿ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಭಾರತ್ ಸ್ಟೇಜ್ 4 ನಿಯಮ ಬಂದಾಗ ಅದರೊಡನೆ ಸ್ವತಪಾಸಣೆಯ ಮೊದಲ ಹಂತ ಬಂತು, 2013ರಲ್ಲಿ ಎರಡನೆಯದು. ದೇಶದ ಉಳಿದ ಭಾಗ 2017ರವರೆಗೆ ಕಾಯಬೇಕಾಯಿತು. 2020ರ ಏಪ್ರಿಲ್‌ನಲ್ಲಿ ಐದನೆಯ ಮೆಟ್ಟಿಲನ್ನು ಹಾರಿ ಆರನೆಯದಕ್ಕೆ ನೆಗೆದೆವು. ಸ್ಕೂಟರು, ಬೈಕುಗಳಿಗೂ ಈ ಹಳದಿ ದೀಪ ಕಡ್ಡಾಯವಾದದ್ದು ಆಗಲೇ. ಲಾಸ್ ಏಂಜಲೀಸಿನ ಕಣ್ಣುರಿಗೂ ನಮ್ಮ ಸ್ಕೂಟರಿನ ದೀಪಕ್ಕೂ ನಡುವೆ 77 ವರ್ಷಗಳ ಅಂತರ.

ದೀಪ ಬಂತು, ಅದನ್ನು ಓದುವ ಅಭ್ಯಾಸ ಹಿಂದೆ ಉಳಿಯಿತು. ದೀಪ ಹತ್ತಿದ್ದ ಕಾರನ್ನೇ ನಾನು ಹೊಗೆ ತಪಾಸಣೆಗೆ ಒಯ್ದಿದ್ದೆ. ನಿಂತ ಗಾಡಿಯ ನಳಿಗೆಯೊಳಗೆ ಸಲಾಕೆಯೊಂದನ್ನು ತೂರಿಸಿ, ಅಂಕಿಗಳನ್ನು ನೋಡಿ, ಪ್ರಮಾಣಪತ್ರ ಕೊಟ್ಟರು. ಡ್ಯಾಶ್‌ಬೋರ್ಡಿನ ಕಡೆ ಅವರು ಕಣ್ಣು ಹಾಯಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಸಾಕ್ಷಿ ಆರೋಪಿಯ ಮನೆಯಲ್ಲೇ ಇದ್ದರೆ ಏನಾಗಬಹುದೆಂಬುದಕ್ಕೆ 2015ರ ಸೆಪ್ಟೆಂಬರ್ ಉತ್ತರ ಕೊಟ್ಟಿತು. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳು ಪರೀಕ್ಷೆಯ ಹೊತ್ತನ್ನು ಗುರುತಿಸಿ ಆಗ ಮಾತ್ರ ಶುದ್ಧವಾಗಿ ಉರಿಯುವಂತೆ ಕಂಪ್ಯೂಟರಿಗೆ ಪಾಠ ಹೇಳಿಕೊಡಲಾಗಿತ್ತು. ರಸ್ತೆಯ ಮೇಲೆ ಸಾರಜನಕದ ಆಕ್ಸೈಡು ಮಿತಿಯ ಎಷ್ಟೋ ಪಟ್ಟು ಹೊರಬರುತ್ತಿದ್ದರೂ ದೀಪ ಹತ್ತಲಿಲ್ಲ. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು ಒಂದು ಕೋಟಿ ಹತ್ತು ಲಕ್ಷ. ಹಿಡಿದದ್ದು ಯಾರು? ಅಳತೆಯ ಉಪಕರಣವನ್ನು ಕಾರಿನ ಹಿಂಬದಿಗೆ ಕಟ್ಟಿಕೊಂಡು ರಸ್ತೆಯಲ್ಲಿ ಓಡಾಡಿದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು. ಹಾಗನ್ ಸ್ಮಿಟ್ ಮಾಡಿದಂತೆ, ಗಾಳಿಯನ್ನೇ ಹಿಡಿದು ನೋಡಿದವರು.

ಈಗ ನನ್ನ ಕಾರಿನ ಕಥೆ ಮುಗಿಸುತ್ತೇನೆ. ಎರಡನೆಯ ಸಲ ದೀಪ ಹತ್ತಿದಾಗ ಬೇರೊಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಹುಡುಗ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಕೊಂಡಿಗೆ ಸಿಕ್ಕಿಸಿ ತನ್ನ ಫೋನಿನಲ್ಲಿ ಓದಿದ: ಪಿ 0420. “ಹಿಂದೆ ಯಾವಾಗಲಾದ್ರೂ ದೀಪ ಮಿಣುಕಿತ್ತಾ ಸಾರ್?” ಎಂದು ಕೇಳಿದ. ಮಿಣುಕಿತ್ತು. ಎರಡು ತಿಂಗಳ ಹಿಂದೆ, ಮಳೆಯಲ್ಲಿ, ಸಕಲೇಶಪುರದ ಘಾಟಿ ಏರುವಾಗ. ಗಾಡಿ ಸ್ವಲ್ಪ ಜಗ್ಗಿತ್ತು ಕೂಡ. ಚಿತ್ರೀಕರಣಕ್ಕೆ ತಡವಾಗುತ್ತದೆಂದು ನಾನು ನಿಲ್ಲಿಸಿರಲಿಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿದ್ದು ಮೂರು ವಾರ ಕಳೆದ ಮೇಲೆ. ಕೆಲವು ನೂರು ರೂಪಾಯಿಯ ಪ್ಲಗ್ಗಿಗೆ ತೋರಿದ ಉದಾಸೀನ ಡಬ್ಬಿಯನ್ನು ತಿಂದಿತ್ತು. ಹೊಸದರ ಬೆಲೆ ಕೇಳಿ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಕೊಂಡೆ.

ಹುಡುಗ ಮುಖ ನೋಡಿ ಅರ್ಥಮಾಡಿಕೊಂಡ. “ಇನ್ನೊಂದು ದಾರಿ ಇದೆ ಸಾರ್” ಎಂದು ಹೆಬ್ಬೆರಳಿನಷ್ಟು ಉದ್ದದ ಒಂದು ಕಬ್ಬಿಣದ ಬುಷ್ ತೋರಿಸಿದ. ಅದನ್ನು ಹಿಂದಿನ ಸಂವೇದಕಕ್ಕೂ ನಳಿಗೆಗೂ ನಡುವೆ ಕೂರಿಸಿದರೆ ಹಿಂದಿನ ಮೂಗು ಹೊಗೆಯಿಂದ ದೂರ ಸರಿಯುತ್ತದೆ, ಏರಿಳಿತ ಮಂದವಾಗುತ್ತದೆ, ದೀಪ ಹತ್ತುವುದಿಲ್ಲ. “ಗಾಡಿಗೇನೂ ಆಗಲ್ಲ, ಹೊಗೆ ಯಾರಿಗೂ ಕಾಣಲ್ಲ” ಎಂದ. ಅವನು ಹೇಳಿದ ಎರಡೂ ಮಾತು ನಿಜ. ಗ್ಯಾರೇಜಿನ ಎದುರಿಗೆ ಬಸ್ ನಿಲ್ದಾಣವಿತ್ತು, ಶಾಲೆ ಬಿಡುವ ಹೊತ್ತು. ನಾನು ಬುಷ್ಷನ್ನು ಕೈಯಲ್ಲಿ ತಿರುಗಿಸಿ ನೋಡಿ ಅವನಿಗೇ ಹಿಂದಕ್ಕೆ ಕೊಟ್ಟೆ. ಹೊಸ ಡಬ್ಬಿ ತರಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನವೂ ಸ್ಟುಡಿಯೋಗೆ ಬಸ್ಸಿನಲ್ಲೇ ಹೋಗಿ ಬಂದೆ.